ರೆಸಿನ್‌ನೊಳಗಿನ ಆಂಟೆನಾ

ಸರ್ಕಾರಿ ಕಾರ್ಖಾನೆಯೊಂದರ ರೇಡಿಯೊ ಪ್ರಯೋಗಾಲಯದಿಂದ ನಿವೃತ್ತನಾಗಿ ಹುಕ್ಕೇರಿಗೆ ಮರಳಿದ ಮರುವರ್ಷದ ಮಾತು. ಹುದ್ದೆ ಹೋಗಿತ್ತು, ದಿನಚರಿ ಹೋಗಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮುಂದೆ ಕೂರದಿದ್ದರೆ ನನಗೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ಹಾಗೆ ಕೂತಿದ್ದಾಗಲೇ, ಯಾರಿಂದಲೋ ನನ್ನ ನಂಬರು ಪಡೆದು, ಗೋಕಾಕದಿಂದ ಶಿವಲೀಲಾ ಎಂಬುವವರು ಫೋನ್ ಮಾಡಿದರು.

ಅವರದು ತಂದೆಯ ಕಾಲದ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಅದೇ ಅಂಗಡಿಯ ಒಂದು ಮೂಲೆಯಲ್ಲಿ ಅವರು ಹೊಸದೊಂದು ಸಾಧನ ತಯಾರಿಸತೊಡಗಿದ್ದರು. ಎರಡು ಪುಟ್ಟ ರೇಡಿಯೊ ಡಬ್ಬಿಗಳು. ಮನೆಯಲ್ಲಿರುವ ಡಬ್ಬಿಯ ಗುಂಡಿ ಒತ್ತಿದರೆ ಹೊಲದ ಡಬ್ಬಿ ಪಂಪು ಶುರು ಮಾಡಬೇಕು. ಸಿಮ್ ಬೇಡ, ರೀಚಾರ್ಜ್ ಬೇಡ. ಮೂಡಲಗಿಯ ಹನ್ನೆರಡು ಮಂದಿ ರೈತರ ಗುಂಪೊಂದು ಪರೀಕ್ಷಿಸಿ ನೋಡಲು ಒಪ್ಪಿತ್ತು. ಆದರೆ ಒಂದು ಕಿಲೋಮೀಟರು ಮುಟ್ಟಬೇಕಿದ್ದ ಸಿಗ್ನಲ್ ಅದರ ಕಾಲು ಭಾಗವನ್ನೂ ದಾಟಲಿಲ್ಲ.

"ಬರೋ ಗುರುವಾರ ಇನ್ನೊಂದ ಸಲ ನೋಡ್ತಾರಂತ್ರಿ ಸರ. ಆಗಲಿಲ್ಲಂದ್ರ ಹೊರಗಿನ ಕಂಪನಿದು ತಗೋತಾರ. ನಾ ಈ ಮೂಲಿ ಬಂದ್ ಮಾಡಿ ಮತ್ತ ತಂತಿ ಸುತ್ಕೋಂತ ಕುಂದರೂದ," ಎಂದರು ಶಿವಲೀಲಾ.

ಸೋಮವಾರ ಮೊದಲ ಬಸ್ಸಿಗೇ ಗೋಕಾಕಕ್ಕೆ ಹೋದೆ.

ಇಂಥ ಡಬ್ಬಿಗಳಲ್ಲಿ ಕೋಲಿನಂಥ ಆಂಟೆನಾ ಇರುವುದಿಲ್ಲ. ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿ ಅಂಕುಡೊಂಕಾಗಿ ಅಚ್ಚಾದ ತಾಮ್ರದ ಗೆರೆಯೇ ಆಂಟೆನಾ. ಗೆರೆಯ ಉದ್ದ ಅದರ ಆವರ್ತನವನ್ನು ನಿರ್ಧರಿಸುತ್ತದೆ. ನಮಗೆ ಬೇಕಾದದ್ದು 866 ಮೆಗಾಹರ್ಟ್ಸ್. ಬೋರ್ಡಿಗೆ ತೆಳುವಾದ ಕೇಬಲ್ ಬೆಸೆದು ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣಕ್ಕೆ ಜೋಡಿಸಿದರೆ ಪರದೆಯ ಮೇಲೆ ಗೆರೆಯೊಂದು ಮೂಡುತ್ತದೆ. ಆಂಟೆನಾ ಶಕ್ತಿಯನ್ನು ಸ್ವೀಕರಿಸುವ ಆವರ್ತನದಲ್ಲಿ ಆ ಗೆರೆ ಹೊಂಡ ಬೀಳುತ್ತದೆ. ಉಳಿದೆಡೆ ಶಕ್ತಿಯೆಲ್ಲ ಗೋಡೆಗೆ ಹೊಡೆದ ಚೆಂಡಿನಂತೆ ಹಿಂದಿರುಗುತ್ತದೆ. ಶಿವಲೀಲಾ ಕೊಟ್ಟ ಬೋರ್ಡಿನ ಹೊಂಡ ಸರಿಯಾಗಿ 866ರಲ್ಲಿತ್ತು. ಇನ್ನೊಂದು ಬೋರ್ಡು ನೋಡಿದೆ, ಅದೂ ಹಾಗೆಯೇ.

"ಇದಕ್ಕ ರೋಗಾನ ಇಲ್ಲಲ್ರಿ," ಎಂದು ಚಹಾ ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಅಂಗಡಿಯ ಹಳೆಯ ಕೆಲಸಗಾರ ಈರಪ್ಪ, ನಾನು ಸೈ ಎಂದ ಆ ಬೋರ್ಡನ್ನು ಉಪಕರಣದ ಕೇಬಲ್ ಬಿಚ್ಚದೆಯೇ ಡಬ್ಬಿಯೊಳಗಿಟ್ಟು, ಮೇಲಿಂದ ರೆಸಿನ್ ಎಂಬ, ಆಮೇಲೆ ಕಲ್ಲಿನಂತೆ ಗಟ್ಟಿಯಾಗುವ ದಪ್ಪನೆಯ ಅಂಟುದ್ರವ ಸುರಿಯತೊಡಗಿದರು.

"ಏನ್ ಮಾಡಾಕತ್ತೀರಿ ಈರಪ್ಪ?"

"ಜಳಕ ಆತಲ್ರಿ ಸಾಹೇಬ್ರ, ಅಂಗಿ ತೊಡಸಾಕತ್ತೇನಿ."

ಬೋರ್‌ವೆಲ್ಲಿನೊಳಗೆ ಇಳಿಸುವ ಪಂಪಿನ ಕೇಬಲ್ ಜೋಡಣೆಗೆ ನೀರು ಹೊಗದಂತೆ ರೆಸಿನ್ ತುಂಬುವುದು ಅವರ ರೂಢಿ. ಯಾವ ಕೆಲಸಕ್ಕೂ ಕೊನೆಯ ಹಂತ ಅದೇ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ರಾತ್ರಿ ಅಂಗಡಿಗೆ ಬಾಗಿಲು ಹಾಕುತ್ತೇವೆ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಗದರಲು ಬಾಯಿ ತೆರೆದವನ ಕಣ್ಣು ಪರದೆಯತ್ತ ಹೋಯಿತು. ರೆಸಿನ್ ಏರಿದಂತೆ ಹೊಂಡ ಎಡಕ್ಕೆ ಜಾರುತ್ತಿತ್ತು. 850. 830. 800.

"ನಿಲ್ಲಸ್ಲ್ಯಾನ್ರಿ?" ಈರಪ್ಪ ಗಾಬರಿಯಾದರು.

"ಬ್ಯಾಡ, ಬ್ಯಾಡ! ಸುರೀರಿ, ಪೂರಾ ಸುರೀರಿ!" ಎಂದು ಕೂಗಿದೆ. ಚಹಾ ನನ್ನ ಅಂಗಿಯ ಮೇಲೆ ಚೆಲ್ಲಿತು. ಇಡೀ ಅಂಗಡಿ ನಕ್ಕಿತು.

ಗಾಳಿಯಲ್ಲಿ ಸರಿಯಾಗಿರುವ ಆಂಟೆನಾ ರೆಸಿನ್‌ನೊಳಗೆ ಹೋದರೆ ಉದ್ದವಾದಂತೆ ವರ್ತಿಸುತ್ತದೆ, ಆವರ್ತನ ಇಳಿಯುತ್ತದೆ. ಹಾಗಾದರೆ ರೆಸಿನ್ ಬಿಟ್ಟುಬಿಡೋಣ ಎಂದೆ. ಶಿವಲೀಲಾ ಒಪ್ಪಲಿಲ್ಲ. "ಅದೊಂದ ಆಗಂಗಿಲ್ರಿ ಸರ. ಹೊಲದಾಗ ಇರಿವಿ, ತ್ಯಾವ ಎಲ್ಲಾ ಒಳಗ ಹೋಗ್ತಾವ. ಒಂದ ಮಳಿಗಾಲ ತಡ್ಯಂಗಿಲ್ಲ."

ಅವರ ಮಾತು ಸರಿಯಿತ್ತು. ಉಳಿದದ್ದು ಒಂದೇ ದಾರಿ: ಆಂಟೆನಾವನ್ನು ಬೇಕೆಂದೇ ಗಿಡ್ಡ ಮಾಡುವುದು. ಮೂರು ಬೋರ್ಡುಗಳಲ್ಲಿ ತಾಮ್ರದ ತುದಿಯನ್ನು ಬೇರೆ ಬೇರೆ ಅಳತೆಗೆ ಕೆರೆದು ತೆಗೆದೆ. ಪರದೆಯ ಹೊಂಡ 940ರ ಆಸುಪಾಸಿಗೆ ಓಡಿದ್ದನ್ನು ಕಂಡು ಈರಪ್ಪ, "ಛಲೋ ಇದ್ದದ್ದನ್ನ ಕೆಡಸಾಕ ಹುಕ್ಕೇರಿಯಿಂದ ಬಂದ್ರೇನ್ರಿ?" ಎಂದರು. "ನೀವು ಅಂಗಿ ತೊಡಸ್ರಿ, ಆಮ್ಯಾಲ ಮಾತಾಡೂಣು," ಎಂದೆ.

ರೆಸಿನ್ ಗಟ್ಟಿಯಾದ ಮೇಲೆ ಮರುದಿನ ಮೂರನ್ನೂ ಅಳೆದೆವು. ಎರಡನೆಯ ಬೋರ್ಡು 866ಕ್ಕೆ ಬಂದು ನಿಂತಿತ್ತು, ಆದರೆ ಹೊಂಡ ಆಳವಾಗಿರಲಿಲ್ಲ. ರೇಡಿಯೊ ಚಿಪ್ಪಿಗೂ ಆಂಟೆನಾಕ್ಕೂ 50 ಓಮ್‌ನಲ್ಲಿ ಹೊಂದಾಣಿಕೆಯಾಗಬೇಕು. ಇದಕ್ಕೆ ಮ್ಯಾಚಿಂಗ್ ಎನ್ನುತ್ತೇವೆ. ಅದೇ ಅಳತೆಯ ಹೊಸ ಬೋರ್ಡಿನಲ್ಲಿ ಎಳ್ಳಿನಷ್ಟು ಚಿಕ್ಕ ಕಾಯಿಲ್ ಒಂದನ್ನು ಬದಲಿಸಿ ಮತ್ತೆ ರೆಸಿನ್ ತುಂಬಿದೆವು. ಬುಧವಾರ ಹೊಂಡ ಬಾವಿಯಷ್ಟು ಆಳವಾಯಿತು. ಅದೇ ಅಳತೆಯಲ್ಲಿ ಒಂದು ಜೋಡಿ ಡಬ್ಬಿ ಸಿದ್ಧಪಡಿಸಿದೆವು.

ಗುರುವಾರ ಮೂಡಲಗಿ. ತಲೆ ಮೀರಿ ಬೆಳೆದ ಕಬ್ಬು. ರೈತರ ಗುಂಪಿನ ಹಿರಿಯ ಬಾಳಪ್ಪ ಒಂದು ಡಬ್ಬಿ ಹಿಡಿದು ಕಿಲೋಮೀಟರು ದೂರದ ತಮ್ಮ ಮನೆಗೆ ಹೋದರು. ನಾವು ಉಳಿದವರೊಂದಿಗೆ ಪಂಪಿನ ಹತ್ತಿರ ನಿಂತೆವು. ಶಿವಲೀಲಾ ಇನ್ನೊಂದು ಡಬ್ಬಿಯನ್ನು ಪಂಪಿನ ಸ್ಟಾರ್ಟರಿಗೆ ಜೋಡಿಸಿದರು. ಆಗ ಸ್ಟಾರ್ಟರ್ ಟಕ್ಕೆಂದಿತು, ಮೋಟರ್ ಗುಂಯ್‌ಗುಟ್ಟಿತು, ಪೈಪಿನಿಂದ ನೀರು ಭರ್ರನೆ ಹಾರಿತು. ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಬಾಳಪ್ಪ ಆಟಕ್ಕೆ ಬಿದ್ದಿದ್ದರು.

ಶಿವಲೀಲಾ ಫೋನಿನಲ್ಲಿ ಕೂಗಿದರು: "ಕಾಕಾ, ಸಾಕ್ ಬಿಡ್ರಿ! ಹಿಂಗ ಮಾಡಿದ್ರ ಮೋಟರ್ ಸುಡತೈತಿ!"

"ಸುಟ್ಟರ ತಂತಿ ಸುತ್ತಾಕ ನೀ ಅದೀಯಲ್ಲವ್ವಾ! ಹನ್ನೆರಡೂ ಪಂಪಿಗಿ ಹಾಕಿಬಿಡು!"

ಶಿವಲೀಲಾ ನಗುತ್ತಲೇ ಬದುವಿನ ಮೇಲೆ ಕೂತುಬಿಟ್ಟರು.

ಆಂಟೆನಾವನ್ನು ಅದು ಬಾಳುವ ಸ್ಥಿತಿಯಲ್ಲೇ ಅಳೆಯಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ, ಪುಸ್ತಕದಲ್ಲೇ ಇದೆ. ಗೋಕಾಕದ ಅಂಗಡಿ ಅದಕ್ಕೆ ಒಂದು ಪ್ರಶ್ನೆ ಸೇರಿಸಿಕೊಟ್ಟಿತು. ಈಗ ಯಾರೇ ಬೋರ್ಡು ತಂದರೂ ಉಪಕರಣ ಮುಟ್ಟುವ ಮೊದಲು ಕೇಳುತ್ತೇನೆ: "ನನ್ನ ಕೈ ಬಿಟ್ಟ ಮ್ಯಾಲ ಇದಕ್ಕ ಏನೇನ್ ಮಾಡ್ತೀರಿ?"