ಕೋಪ ಬಂದವರು ಬಾಟಲಿ ಮುಟ್ಟಬಾರದು

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಗ್ಯಾಸಮ್ಮ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವಷ್ಟು ಎದೆಗಾರಿಕೆ ಯಾರಿಗೂ ಇರಲಿಲ್ಲ. ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಅವರ ಸೋಡಾ ಫ್ಯಾಕ್ಟರಿ. ಫ್ಯಾಕ್ಟರಿ ಎಂದ ಕೂಡಲೇ ಚಿಮಣಿ, ಸೈರನ್ನು ಎಂದೆಲ್ಲ ಊಹಿಸಿಕೊಳ್ಳಬೇಡಿ. ಒಂದು ಕೋಣೆಯಲ್ಲಿ ಬಾಟಲಿ ತೊಳೆಯುವ ತೊಟ್ಟಿ ಮತ್ತು ಶುಂಠಿಯ ಪಾಕ ಕುದಿಯುವ ಒಲೆ. ಇನ್ನೊಂದರಲ್ಲಿ ಗ್ಯಾಸ್ ಸಿಲಿಂಡರು, ಬಾಟಲಿ ತುಂಬುವ ಕಬ್ಬಿಣದ ಯಂತ್ರ. ನೆಲ ಸದಾ ಒದ್ದೆ. ಒಳಗೆ ಹೋಗಿ ಬಂದವರ ಬಟ್ಟೆ ಒಗೆದರೂ ಶುಂಠಿಯ ವಾಸನೆ ಹೋಗುತ್ತಿರಲಿಲ್ಲ.

ಬಾಗಿಲಿನ ಆಚೆ ಒಂದು ಸ್ಟೂಲಿತ್ತು. ಅದು ಕೋಪದ ಸ್ಟೂಲು. ಮಾವ ಒಮ್ಮೆ ಯಾರ ಜೊತೆಗೋ ಜಗಳ ಆಡಿಕೊಂಡು ಬಂದು, ಅದೇ ಸಿಟ್ಟಿನಲ್ಲಿ ಯಂತ್ರದ ಹಿಡಿ ಎಳೆದಿದ್ದರಂತೆ. ಗ್ಯಾಸು ಜಾಸ್ತಿಯಾಗಿ ಬಾಟಲಿ ಸಿಡಿದು ಹೆಬ್ಬೆರಳಿನ ತುದಿ ಹಾರಿಹೋಯಿತು. ಅಂದಿನಿಂದ ಅಲ್ಲಿ ಒಂದೇ ಕಾನೂನು: ಕೋಪ ಬಂದವರು ಬಾಟಲಿ ಮುಟ್ಟಬಾರದು. ಯಾರಿಗೆ ಸಿಟ್ಟು ಬಂದರೂ ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂರಬೇಕು, ಇಳಿದ ಮೇಲೆ ಒಳಗೆ ಬರಬೇಕು. ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ. ಹಾಗಾಗಿ ಆ ಸ್ಟೂಲು ಸವೆದದ್ದು ಹೆಚ್ಚಾಗಿ ಅವರಿಂದಲೇ.

ಮಾವನಿಗೆ ಒಂದು ಹುಚ್ಚು ಆಸೆಯಿತ್ತು. ಸಮುದ್ರದ ನಡುವೆ ಕೂತು, ಉಪ್ಪುಗಾಳಿ ತಿನ್ನುತ್ತಾ ನಮ್ಮ ಶುಂಠಿ ಸೋಡಾ ಕುಡಿಯಬೇಕು ಎನ್ನುತ್ತಿದ್ದರು. ಯಂತ್ರ ಬಿಟ್ಟು ಒಂದು ದಿನವೂ ಅಲ್ಲಾಡದ ಮನುಷ್ಯ, ಸಮುದ್ರಕ್ಕೆಲ್ಲಿ ಹೋಗಬೇಕು? ಹೋಗದೆಯೇ ತೀರಿಕೊಂಡರು. ಆಮೇಲೂ ಅತ್ತೆ ಒಬ್ಬರೇ ಫ್ಯಾಕ್ಟರಿ ನಡೆಸಿದರು.

ಅದನ್ನು ಮುಚ್ಚಿಸಿದ್ದು ಹಳದಿ ಕಂಪನಿ. ಅದರ ಡಬ್ಬ ಹಳದಿ, ಲಾರಿ ಹಳದಿ, ಮಾರಲು ಬಂದವನ ಟೈ ಕೂಡ ಹಳದಿ. ಅವರ ಪಾನೀಯ ಚೆನ್ನಾಗಿತ್ತು ಎಂದು ಯಾರಾದರೂ ಕುಡಿದಿದ್ದರೆ ನನಗೆ ಇಷ್ಟು ಹೊಟ್ಟೆಯುರಿ ಆಗುತ್ತಿರಲಿಲ್ಲ. ಅವರು ಅಂಗಡಿ ಅಂಗಡಿಗೂ ಪುಕ್ಕಟೆ ಫ್ರಿಜ್ಜು ಕೊಟ್ಟರು, ಅದರೊಳಗೆ ಬೇರೆ ಯಾರ ಬಾಟಲಿಯೂ ಇರಕೂಡದು ಎಂಬ ಷರತ್ತಿನ ಮೇಲೆ. ಅತ್ತೆಯ ಸೋಡಾ ಬಿಸಿಲಿಗೆ ಬಂತು. ಬೆಚ್ಚಗಿನ ಸೋಡಾ ಯಾರು ಕುಡಿಯುತ್ತಾರೆ? ತುಂಬಾ ವರ್ಷ ನಮ್ಮ ಸೋಡಾ ಇಟ್ಟಿದ್ದ ಮೂಲೆ ಅಂಗಡಿಯವನು, “ಏನ್ಮಾಡ್ಲಿ ಅಮ್ಮ, ಫ್ರಿಜ್ಜು ಅವರದು” ಎಂದು ತಲೆ ತಗ್ಗಿಸಿದ. ಅತ್ತೆ ಕೊನೆಗೆ ಯಂತ್ರ ಮಾರಿದರು. ಮಾರುವ ಮುನ್ನ ಕೊನೆಯದಾಗಿ ಆರು ಬಾಟಲಿ ತುಂಬಿ ಎತ್ತಿಟ್ಟರು. ಆ ಹಳದಿ ನೀರಿನ ಒಂದು ಹನಿಯನ್ನೂ ಅವರು ನಾಲಿಗೆಗೆ ಸೋಕಿಸಿದ್ದಿಲ್ಲ.

ಕೆಲವು ತಿಂಗಳ ಮೇಲೆ ಅತ್ತೆಗೆ ಎಪ್ಪತ್ತು ತುಂಬಿತು. ನಮ್ಮಣ್ಣ ದೊಡ್ಡ ಮನಸ್ಸು ಮಾಡಿ ಪ್ರವಾಸಿ ಹಡಗಿನಲ್ಲಿ ನಮಗೆಲ್ಲ ಟಿಕೆಟ್ ತೆಗೆಸಿದ: ಅವನು, ಅತ್ತಿಗೆ, ನಾನು, ಅತ್ತೆ. ಅತ್ತೆ ಆರೂ ಬಾಟಲಿಗಳನ್ನು ಹಳೆಯ ಸೀರೆಗಳಲ್ಲಿ ಸುತ್ತಿ, ಮಕ್ಕಳನ್ನು ಮಲಗಿಸಿದ ಹಾಗೆ ಸೂಟ್‌ಕೇಸಿನಲ್ಲಿ ಮಲಗಿಸಿದರು. “ನಿಮ್ಮ ಮಾವನ ಆಸೆ ಕಣೇ. ಅವರಂತೂ ಹೋಗ್ಲಿಲ್ಲ, ಸೋಡಾ ಆದ್ರೂ ಸಮುದ್ರ ನೋಡ್ಲಿ.”

ಹಡಗು ಹತ್ತುವ ಬಾಗಿಲಿನಲ್ಲಿ ಸಾಮಾನು ತಪಾಸಣೆ. ಬಿಳಿ ಕೈಗವಸಿನ ಕಾವಲುಗಾರ ಪರದೆ ನೋಡಿ ಸೂಟ್‌ಕೇಸ್ ತೆಗೆಸಿದ.

“ಹೊರಗಿನ ಡ್ರಿಂಕ್ಸ್ ಒಳಗೆ ಬಿಡಲ್ಲ ಅಮ್ಮ. ಇಲ್ಲೇ ಇಟ್ಟು ಹೋಗಿ, ವಾಪಸ್ ಬರುವಾಗ ಕೊಡ್ತೀವಿ.”

“ಇದು ಹೆಂಡ ಅಲ್ಲಪ್ಪ, ಸೋಡಾ. ನಾನೇ ಮಾಡಿದ್ದು.”

“ಏನಾದ್ರೂ ಅಷ್ಟೇ. ಒಳಗೆ ಬೇಕಾದಷ್ಟು ಸಿಗುತ್ತಲ್ಲ” ಎಂದು ಅವನು ಬೆನ್ನ ಹಿಂದಿನ ಗೋಡೆಗೆ ಕೈ ತೋರಿಸಿದ. ಅಲ್ಲಿ ಆಳೆತ್ತರದ ಹಳದಿ ಡಬ್ಬದ ಚಿತ್ರ. ಹಡಗಿನಲ್ಲಿ ಆ ಕಂಪನಿಯದು ಬಿಟ್ಟು ಬೇರೆ ತಂಪು ಪಾನೀಯ ಇಲ್ಲವೆಂದು ದಪ್ಪಕ್ಷರದಲ್ಲಿ ಬರೆದಿತ್ತು, ಅದೇನೋ ದೊಡ್ಡ ಮರ್ಯಾದೆಯ ವಿಷಯ ಎಂಬಂತೆ.

ಅತ್ತೆ ಆ ಚಿತ್ರ ನೋಡಿದರು. ಆಮೇಲೆ ಬಾಗಿಲಾಚೆ ನಿಂತಿದ್ದ ಬೆಳ್ಳಗಿನ, ದೈತ್ಯ ಹಡಗನ್ನು ನೋಡಿದರು.

“ಇದು ಹೊಸ ರೂಲಲ್ಲ ಕಣೇ” ಎಂದರು ನನಗೆ. “ಅದೇ ಫ್ರಿಜ್ಜು. ಸ್ವಲ್ಪ ದೊಡ್ಡದಾಗಿದೆ, ಅಷ್ಟೇ.”

ಹಿಂದೆ ಸಾಲು ಬೆಳೆಯುತ್ತಿತ್ತು. ಕಾವಲುಗಾರ ಬೇಸತ್ತು ಒಂದು ಬಾಟಲಿಯನ್ನು ಸೀರೆಯಿಂದ ಎಳೆದು ಪ್ಲಾಸ್ಟಿಕ್ ತೊಟ್ಟಿಗೆ ಕುಕ್ಕಿದ.

“ಮುಟ್ಟಬೇಡಿ!” ಅತ್ತೆ ಕೂಗಿದ ರಭಸಕ್ಕೆ ಇಡೀ ಸಾಲು ತಿರುಗಿ ನೋಡಿತು. “ನಿಮಗೆ ಕೋಪ ಬಂದಿದೆ. ಕೋಪ ಬಂದೋರು ಬಾಟಲಿ ಮುಟ್ಟಬಾರದು.”

“ಹಾಗಾದ್ರೆ ನೀವೇ ಎತ್ತಿಡಿ.”

“ನನಗೂ ಬಂದಿದೆ. ನಾನೂ ಮುಟ್ಟಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾವಲುಗಾರನಿಗೆ ಬಿಸಿ ತುಪ್ಪ ಬಾಯಿಗಿಟ್ಟ ಹಾಗಾಯಿತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. “ಪಕ್ಕಕ್ಕೆ ಬನ್ನಿ, ಪಕ್ಕಕ್ಕೆ” ಎಂದ. ಅತ್ತೆ ನನ್ನ ಕಡೆ ತಿರುಗಿದರು.

“ನಿನಗೆ ಕೋಪ ಬಂದಿದ್ಯೇನೆ?”

“ಇಲ್ಲ ಅತ್ತೆ.”

“ಸರಿ, ನೀನೇ ಎತ್ತಿಡು.”

ನಾನು ಆ ಬಾಟಲಿಯನ್ನು ಮತ್ತೆ ಸುತ್ತಿ ಸೂಟ್‌ಕೇಸಿಗೆ ಇಟ್ಟೆ. ಅತ್ತೆ ಗೋಡೆಯ ಬದಿಯಲ್ಲಿ ಅಣ್ಣನ ಪೆಟ್ಟಿಗೆಯ ಮೇಲೆ ಕೂತರು, ಥೇಟ್ ಕೋಪದ ಸ್ಟೂಲಿನ ಮೇಲೆ ಕೂತ ಹಾಗೆ.

ಅಣ್ಣ ಬೇಡಿಕೊಂಡ. “ಅತ್ತೆ, ಆರು ಬಾಟಲಿಗೆ ಇಷ್ಟು ರಂಪಾನಾ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಇಲ್ಲಿಟ್ಟು ಹೋಗೋಣ, ಬರುವಾಗ ತಗೊಳ್ಳೋಣ. ಸ್ವಲ್ಪ ಬಗ್ಗಿದ್ರೆ ಏನು ಗಂಟು ಹೋಗುತ್ತೆ?”

“ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಕಣೋ. ಅಂಗಡಿಯಲ್ಲಿ ಬಗ್ಗಿದೆ, ಯಂತ್ರ ಹೋಯ್ತು. ಈಗ ನಿಮ್ಮ ಮಾವನ ಸೋಡಾನ ಅವರ ಉಗ್ರಾಣದಲ್ಲಿ ಕೂಡಿಹಾಕಿ, ಮೇಲೆ ಕೂತು ಅವರ ಹಳದಿ ನೀರು ಕುಡೀಲಾ? ನೀವಿಬ್ಬರೂ ಹೋಗಿ ಬನ್ನಿ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ.”

ಹಡಗು ಕೂಗಿತು. ಅತ್ತಿಗೆ ಅಣ್ಣನ ತೋಳು ಎಳೆದಳು. ಅಣ್ಣ ನನ್ನ ಮುಖ ನೋಡಿದ. “ನೀನು ಹೋಗು, ನಾನಿರ್ತೀನಿ” ಎಂದೆ. ಎಂದೂ ಹಡಗು ಹತ್ತದವಳು ನಾನು, ಆಸೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಆ ಗೋಡೆಯ ಚಿತ್ರವನ್ನು ದಾಟಿ ಒಳಗೆ ಹೋಗಲು ನನ್ನ ಕಾಲೂ ಒಪ್ಪಲಿಲ್ಲ.

ಹೊರಗೆ ಬಂದರೆ ಪಕ್ಕದ ಕಟ್ಟೆಯಲ್ಲಿ ಮಾಮೂಲಿ ದೋಣಿ ನಿಂತಿತ್ತು. ಕೆಲಸ ಮುಗಿಸಿದ ಜನರನ್ನು, ಸೈಕಲ್ಲುಗಳನ್ನು, ತರಕಾರಿ ಬುಟ್ಟಿಗಳನ್ನು ಆಚೆ ದಡಕ್ಕೆ ದಾಟಿಸುವ ಮೋಟಾರು ದೋಣಿ. ಅತ್ತೆ ಅದನ್ನೇ ನೋಡುತ್ತಾ ನಿಂತರು.

“ಅದೂ ಸಮುದ್ರದ ಮೇಲೇ ತಾನೇ ಹೋಗೋದು?”

ಹತ್ತಿದೆವು. ಸೂಟ್‌ಕೇಸಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ದೋಣಿ ನಡುನೀರಿಗೆ ಬಂದಾಗ ಅತ್ತೆ ಓಪನರನ್ನು ನನ್ನ ಕೈಗೆ ಕೊಟ್ಟರು. “ನನ್ನದಿನ್ನೂ ಇಳಿದಿಲ್ಲ. ನೀನು ತೆಗಿ.”

ಮುಚ್ಚಳ ಎಬ್ಬಿಸಿದೆನಷ್ಟೇ, ಸೋಡಾ ಬುಸ್ಸೆಂದು ಉಕ್ಕಿ ನನ್ನ ಮುಖ, ಕುಪ್ಪಸ, ಎದುರಿಗೆ ಕೂತವರ ಬುಟ್ಟಿ, ಎಲ್ಲಕ್ಕೂ ಅಭಿಷೇಕವಾಯಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಸುಳ್ಳಿ! ನಿನಗೂ ಕೋಪ ಇತ್ತು!”

ಕಾವಲುಗಾರ ಕುಕ್ಕಿದ ಬಾಟಲಿಯೇ ಅದಾಗಿರಬಹುದು. ಆದರೆ ನಾನು ವಾದ ಮಾಡಲಿಲ್ಲ. ಕೋಪ ಇದ್ದದ್ದು ನಿಜ, ಬಾಟಲಿಯ ತುಂಬಾ ಇತ್ತು. ಉಳಿದವನ್ನು ತೆಗೆಯಲು ದೋಣಿಯ ಟಿಕೆಟಿನವನನ್ನು ಕರೆದೆವು. ಲೋಕವೇ ಮುಳುಗಿದರೂ ಆಕಳಿಸುವಂಥ ಆಸಾಮಿ. ಒಂದು ಹನಿ ಚೆಲ್ಲದೆ ನಾಲ್ಕು ತೆಗೆದ. ಬಾಟಲಿಗಳು ಕೈಯಿಂದ ಕೈಗೆ ಹೋದವು. ಮುಚ್ಚಳ ತೆಗೆದದ್ದಕ್ಕೆ ಕಾನೂನಿಲ್ಲ ಎಂದು ಅತ್ತೆಯೂ ಒಂದನ್ನು ಹಿಡಿದರು. ಬೆಚ್ಚಗಿದ್ದ ಸೋಡಾವನ್ನು ಯಾರೂ ದೂರಲಿಲ್ಲ. ಸೈಕಲ್ಲಿನವನೊಬ್ಬ ತೇಗಿ, “ಅಮ್ಮ, ಇದು ಎಲ್ಲಿ ಸಿಗುತ್ತೆ?” ಎಂದು ಕೇಳಿದ.

“ಎಲ್ಲೂ ಸಿಗಲ್ಲ” ಎಂದರು ಅತ್ತೆ, ತಲೆ ಎತ್ತಿಕೊಂಡು.

ಆಗಲೇ ದೊಡ್ಡ ಹಡಗು ನಮ್ಮ ಪಕ್ಕದಲ್ಲಿ ಹಾದುಹೋಯಿತು. ಮೇಲೆ, ಕಟಕಟೆಗೆ ಆತು ನಿಂತ ಅಣ್ಣ ಇರುವೆಯಷ್ಟು ಕಂಡ. ಅವನ ಕೈಯಲ್ಲಿ ಏನೋ ಹಳದಿ ಮಿನುಗುತ್ತಿತ್ತು. ಅತ್ತೆ ತಮ್ಮ ಬಾಟಲಿ ಎತ್ತಿ ಹಿಡಿದರು. ಇಡೀ ಹಡಗಿಗೆ ತೋರಿಸುವಂತೆ ಎತ್ತಿ ಹಿಡಿದು, ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ನನಗೆ ಅಳು ಬಂತು.

ಒಂದು ಬಾಟಲಿ ಉಳಿಯಿತು.

“ಇದನ್ನ ಯಾವಾಗ ತೆಗೆಯೋದು ಅತ್ತೆ?”

“ನನ್ನ ಕೋಪ ಇಳಿದ ಮೇಲೆ.”

ಅದು ಇವತ್ತಿಗೂ ಅತ್ತೆಯ ಕಪಾಟಿನಲ್ಲಿ, ಮಾವನ ಫೋಟೋದ ಪಕ್ಕದಲ್ಲಿದೆ. ಅಣ್ಣ ಬಂದಾಗಲೆಲ್ಲ “ಇಳೀತಾ ಅತ್ತೆ?” ಎಂದು ಕೇಳುತ್ತಾನೆ. ಬಾಟಲಿಯನ್ನು ಅತ್ತೆ ಇನ್ನೂ ಮುಟ್ಟುವುದಿಲ್ಲ. ಅದರ ಧೂಳು ಒರೆಸುವ ಕೆಲಸ ನನ್ನದು. ಒರೆಸುವ ಮುಂಚೆ ಪ್ರತಿ ಸಲವೂ, “ನಿನಗೆ ಕೋಪ ಇಲ್ಲ ತಾನೇ?” ಎಂದು ಕೇಳುತ್ತಾರೆ.

“ಇಲ್ಲ ಅತ್ತೆ” ಎಂದು ಪ್ರತಿ ಸಲವೂ ಸುಳ್ಳು ಹೇಳಿ, ಮೆಲ್ಲಗೆ ಒರೆಸಿಡುತ್ತೇನೆ.