ಖಂಡೇನವಮಿಯ ಮೇನ್ ಸ್ವಿಚ್

ಇಚಲಕರಂಜಿಯ ನಮ್ಮ ಮನೆಯ ಹಿಂದೆಯೇ ಮಗನ ಪವರ್‌ಲೂಮ್ ಶೆಡ್. ಕೊಲ್ಹಾಪುರದಲ್ಲಿ ಎಂ.ಟೆಕ್. ಓದುತ್ತಿದ್ದ ಮೊಮ್ಮಗಳು ಆ ವರ್ಷ ಅದರ ಮೂಲೆಯಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿಟ್ಟಿದ್ದಳು. ಕಾಲೇಜಿನ ದೊಡ್ಡ ಮಷೀನಿನಲ್ಲಿ ಅವಳಿಗೆ ಪಾಳಿ ಸಿಕ್ಕಿರಲಿಲ್ಲ. ಒಂದು ಬಗೆಯ ಗುಪ್ತಲಿಪಿಯನ್ನು ಎಷ್ಟು ಬೇಗ ಒಡೆಯಬಹುದು ಎಂಬುದು ಅವಳ ಥೀಸಿಸ್. ಕಾನ್ವೆಂಟಿನಲ್ಲಿ ಆಲ್ಜೀಬ್ರಾ ಎಂದರೆ ಜೀವ ಬಿಡುತ್ತಿದ್ದವಳು ನಾನು. ಆದರೂ ಅವಳು ಹೇಳಿದ್ದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. ಆ ಪುಟ್ಟ ಫ್ಯಾನುಗಳ ಸದ್ದು ಕೇಳುತ್ತ ಕೂರುವುದೇ ನನಗೊಂದು ಲಕ್ಷುರಿಯಾಗಿತ್ತು.

ಮಗನ ಕಂಡೀಶನ್ ಒಂದೇ: ದೀಪಾವಳಿಯೊಳಗೆ ಥೀಸಿಸ್ ಮುಗಿದರೆ ಪಿಎಚ್.ಡಿ.ಗೆ ಹೋಗಲಿ, ಇಲ್ಲದಿದ್ದರೆ ಗಡಹಿಂಗ್ಲಜದ ವ್ಯಾಪಾರಸ್ಥರ ಮನೆಗೆ ಕೊಡುವುದು. ಲೆಕ್ಕವೋ ವಾರಗಟ್ಟಲೆ ಓಡಬೇಕು. ನಡುನಡುವೆ ಸೇವ್ ಮಾಡಿದರೆ ನಿಧಾನವಾಗುತ್ತದೆಂದು ಅವಳು ಅದನ್ನೂ ಬಿಟ್ಟಿದ್ದಳು. ಕರೆಂಟ್ ಹೋದರೆ ಇರಲೆಂದು ಬ್ಯಾಟರಿ ಇಟ್ಟು, ಏನನ್ನೂ ಆರಿಸಬೇಡಿರೆಂದು ಎಲ್ಲರಿಗೂ ಹೇಳಿದ್ದಳು, ಅಪ್ಪನಿಗಂತೂ ಮತ್ತೆ ಮತ್ತೆ.

ಖಂಡೇನವಮಿಯ ದಿನ ನಮ್ಮ ಕಡೆ ಮಗ್ಗ ಓಡಿಸುವುದಿಲ್ಲ. ನಿಲ್ಲಿಸಿ, ಒರೆಸಿ, ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅವಳು ಸ್ನಾನಕ್ಕೆ ಹೋದಾಗ ಮಗ ಶೆಡ್ಡಿನ ಮೇನ್ ಸ್ವಿಚ್ ಆರಿಸಿದ. ಕಂಪ್ಯೂಟರ್‌ಗಳು ಬ್ಯಾಟರಿಯ ಮೇಲೆ ಓಡುತ್ತಲೇ ಇದ್ದವು. ಅವನು ಬಗ್ಗಿ ಅದನ್ನೂ ಆರಿಸಿದ. ಆಮೇಲೆ ಒಂದೊಂದಕ್ಕೂ ಚೆಂಡುಹೂವಿನ ಮಾಲೆ ಹಾಕಿದ. ಅವು ಹುಡುಗಿಯವು, ಮುಟ್ಟಬೇಡ ಎಂದೆ. ದೇವರ ಮುಂದೆ ಎಲ್ಲ ಮಷೀನೂ ಒಂದೇ ಎಂದ.

ಒದ್ದೆ ಕೂದಲಲ್ಲೇ ಓಡಿಬಂದ ಮೊಮ್ಮಗಳು ಕಪ್ಪಾದ ಸ್ಕ್ರೀನಿನ ಮೇಲೆ ಕೈಯಿಟ್ಟು ನಿಂತಳು. ಮಗ ಅವಳ ಇನ್ನೊಂದು ಕೈಗೆ ಕೊಬ್ಬರಿ ಚೂರು ಹಾಕಿದ.

"ಎಲ್ಲಾದಕ್ಕೂ ಪಾಸ್‌ವರ್ಡ್ ಹಾಕಿದ್ದಿಯಲ್ಲಾ, ಶಾಣ್ಯಾಕಿ. ಮೇನ್ ಸ್ವಿಚ್ಚಿಗೆ ಯಾಕ ಹಾಕಲಿಲ್ಲ?"

ಪ್ರಸಾದಕ್ಕೆ ನಿಂತವರೆಲ್ಲ ನಕ್ಕರು.

ಮೊದಲಿನಿಂದ ಶುರು ಮಾಡಿದರೆ ದೀಪಾವಳಿಯೊಳಗೆ ಮುಗಿಯದು, ಮುಂದಿನ ವರ್ಷ ನೋಡೋಣ ಎಂದು ಕೊಲ್ಹಾಪುರದಿಂದ ಅವಳ ಗೈಡ್ ಫೋನಿನಲ್ಲಿ ಹೇಳಿದರು. ಹಿಂದೆ ಟ್ರಾಫಿಕ್ಕಿನ ಸದ್ದು ಕೇಳುತ್ತಿತ್ತು; ಅವರು ಎಲ್ಲಿಗೋ ಹೊರಟಿದ್ದರು.

ದೀಪಾವಳಿ ಮುಗಿದ ವಾರವೇ ಗಡಹಿಂಗ್ಲಜದವರು ಹೆಣ್ಣು ನೋಡಲು ಬಂದರು. ಮುಂದೆ ಓದುವ ವಿಚಾರವಿದೆಯೇ ಎಂದು ಹುಡುಗನ ತಾಯಿ ಒಳ್ಳೆಯ ಮಾತಿನಲ್ಲೇ ಕೇಳಿದರು.

"ಇಲ್ರೀ ಅಕ್ಕಾರ, ತಾನಾಗೇ ಬಿಟ್ಟಾಳ," ಎಂದ ಮಗ.

ಮೊಮ್ಮಗಳು ಅವಲಕ್ಕಿಯ ತಟ್ಟೆಯನ್ನು ಆಕೆಯ ಕೈಗಿಟ್ಟಳು. "ಬಿಟ್ಟಿಲ್ರೀ. ಬಿಡಿಸ್ಯಾರ."

ಬಂದವರು ಜೋಕ್ ಎಂದುಕೊಂಡು ಮನಸಾರೆ ನಕ್ಕರು. ಹುಡುಗಿ ಮಾತಿನಲ್ಲಿ ಭಾಳ ಚುರುಕು, ಅಂಗಡಿಯ ಗಿರಾಕಿಗಳನ್ನು ಸಂಭಾಳಿಸಲು ಸರಿಯಾದವಳು ಎಂದು ನಿಶ್ಚಯದ ದಿನವನ್ನು ಅಲ್ಲೇ ಗೊತ್ತುಮಾಡಿದರು.