ಕಾಲರ್ ಅಕ್ಕನ ಸೂಜಿ

ಮಗನಿಗೆ ಹೊಸ ಅಂಗಿ ತಂದಾಗಲೆಲ್ಲ ನಾನು ಮೊದಲು ಅದರ ಕಾಲರನ್ನು ಎರಡು ಬೆರಳುಗಳ ನಡುವೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಒತ್ತಿ ನೋಡುತ್ತೇನೆ. ಮೊನ್ನೆ ಭಾನುವಾರವೂ ಹಾಗೇ ನೋಡುತ್ತಿದ್ದೆ. ಪ್ಲಾಸ್ಟಿಕ್ ಕವರು ಬಿಚ್ಚಿದ ಕೂಡಲೇ ಗಂಜಿ, ಇಸ್ತ್ರಿ, ಮಷೀನಿನ ಎಣ್ಣೆ ಎಲ್ಲ ಬೆರೆತ ಆ ವಾಸನೆ ಮುಖಕ್ಕೆ ಬಂತು... ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನ ಎರಡನೇ ಮಹಡಿ, ಟ್ಯೂಬ್‌ಲೈಟುಗಳ ಕೆಳಗೆ ಸಾಲಾಗಿ ಬಾಗಿದ ತಲೆಗಳು, ನನ್ನ ಮುಂದಿನ ಮಷೀನಿನಲ್ಲಿ ಕಾಲರ್ ಅಕ್ಕ.

ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ಕಾಲ ಅದು. ನಾನು ಪಿಯುಸಿ ಮುಗಿಸಿ ಚಂದಾಪುರದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ಕಾಲರಿಗೆ ಪಟ್ಟಿ ಕೂರಿಸುವುದು ನನ್ನ ಕೆಲಸ. ಆ ಕಾಲರನ್ನು ಅಂಗಿಗೆ ಸೇರಿಸುವುದು ಅಕ್ಕನ ಕೆಲಸ. ಕೊಪ್ಪಳದ ಕಡೆಯವಳು. ಅವಳು ಹೊಲಿದ ಕಾಲರು ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. ಹೊಸಬಳಾದ ನನಗೆ ಕೆಲಸ ಕಲಿಸಿದವಳೂ ಅವಳೇ. ಒಮ್ಮೆ ಸೂಜಿ ಅವಳ ಬಲ ಹೆಬ್ಬೆರಳಿನ ಆರಪಾರ ಹೋಗಿತ್ತಂತೆ. ಬೆಳಗಿನ ಹೊತ್ತು ಆ ಬೆರಳು ಜೋಮು ಹಿಡಿದಿರುತ್ತಿತ್ತು. ಅದನ್ನು ಬಾಯಿಯ ಹತ್ತಿರ ಹಿಡಿದು ಊದಿ ಊದಿ ಬಿಸಿ ಮಾಡಿಕೊಂಡೇ ಮಷೀನಿಗೆ ಕೂರುತ್ತಿದ್ದಳು.

ಆಗ ನಮ್ಮ ಲೈನಿಗೆ ಒಬ್ಬ ಸೂಪರ್‌ವೈಸರ್ ಬೇಕಾಗಿ, ಅಕ್ಕನ ಹೆಸರು ಬರೆದುಕೊಂಡರು. ಸೂಪರ್‌ವೈಸರ್ ಆದರೆ ನಿಂತು ನೋಡಿಕೊಳ್ಳುವ ಕೆಲಸ, ಹೊಲಿಯುವುದಿಲ್ಲ. "ಈ ಹೆಬ್ಬೆರಳು ಇನ್ನೊಂದು ವರ್ಷ ತಡದರ ಹೆಚ್ಚು ತಂಗಿ. ಆಮ್ಯಾಲ ಏನ್ ಮಾಡ್ಲಿ?" ಅಂದಿದ್ದಳು. ಆದರೆ ಒಂದು ಪರೀಕ್ಷೆ ಇತ್ತು, ಅದರಲ್ಲಿ ಇಂಗ್ಲಿಷೂ ಇತ್ತು. ಯಾಕೆಂದರೆ ಸೂಪರ್‌ವೈಸರ್ ಆದವರು ಸೂಜಿ ರಿಜಿಸ್ಟರನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಬಟ್ಟೆ ಕೊಳ್ಳುವ ಹೊರದೇಶದವರು ಬಂದಾಗ ಅದನ್ನೇ ಮೊದಲು ತೆಗೆದು ಓದುತ್ತಾರೆ.

ಗಾರ್ಮೆಂಟ್ಸಿನಲ್ಲಿ ಸೂಜಿಯ ಲೆಕ್ಕವೇ ಬೇರೆ. ಸೂಜಿ ಮುರಿದರೆ ಕೈ ಎತ್ತಬೇಕು. ಲೈನು ನಿಲ್ಲುತ್ತದೆ. ಮುರಿದ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸಿ, ಯಾರ ಸೂಜಿ ಎಂದು ಬರೆದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಬಂಡಲಿನ ಬಟ್ಟೆಯಷ್ಟನ್ನೂ ಪಕ್ಕಕ್ಕೆ ಎತ್ತಿಡುತ್ತಾರೆ.

ಊಟದ ಬಿಡುವಿನಲ್ಲಿ, ಮೆಟ್ಟಿಲ ಕೆಳಗೆ, ನಾನು ಅವಳಿಗೆ ಪಾಠ ಹೇಳತೊಡಗಿದೆ. ಮೈ, ಯುವರ್, ಹಿಸ್, ಹರ್, ದೇರ್. ನನ್ನ, ನಿನ್ನ, ಅವನ, ಅವಳ, ಅವರ. ಬಾಯಿಪಾಠವೇನೋ ಎರಡೇ ದಿನದಲ್ಲಿ ಬಂತು. ಬರೆಸಲು ಕೂತರೆ ಮಾತ್ರ ಮ್ಯಾನೇಜರಿಗೆ 'ದೇರ್', ವಾಚ್‌ಮನ್‌ಗೆ 'ದೇರ್', ಕಸ ಗುಡಿಸುವ ಅಜ್ಜಿಗೂ 'ದೇರ್'.

"ಅಕ್ಕ, ಒಬ್ರೇ ಗಂಡಸಾದ್ರೆ ಹಿಸ್ ಕಣಕ್ಕ. ಇಂಗ್ಲಿಷಲ್ಲಿ ಬಹುವಚನ ಕೊಟ್ಟು ಮರ್ಯಾದೆ ಮಾಡೋ ಹಂಗಿಲ್ಲ."

"ಅಂಥಾ ದೊಡ್ಡ ಮನುಷ್ಯಾಗ 'ಅವನ' ಅಂತ ಬರಿ ಅಂತಿಯಲ್ಲ, ನನ್ನ ಕೈ ಏಳೂದಿಲ್ಲವ್ವಾ."

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಕೊನೆಗೆ ಕೈ ಎದ್ದಿತು. ಆದರೂ ಪ್ರತಿ ಸಲ 'ಹಿಸ್' ಬರೆಯುವ ಮುಂಚೆ ಆ ಕಡೆ ಈ ಕಡೆ ನೋಡುತ್ತಿದ್ದಳು, ಮ್ಯಾನೇಜರ್ ಎಲ್ಲಿ ಹಿಂದೆಯೇ ನಿಂತಿದ್ದಾರೋ ಎಂಬಂತೆ.

ಪರೀಕ್ಷೆಗೆ ಒಂದು ವಾರ ಇತ್ತು. ಅಕ್ಕನ ಸೂಜಿ ಮುರಿಯಿತು. ಮೂರು ಚೂರೂ ಸಿಕ್ಕವು. ಅಭ್ಯಾಸವಾಗಲಿ ಎಂದು, ಕೆಲಸ ಬಿಡಲಿದ್ದ ಹಳೆಯ ಸೂಪರ್‌ವೈಸರ್ ರಿಜಿಸ್ಟರನ್ನು ಅವಳ ಕೈಗೇ ಕೊಟ್ಟರು. ಅಕ್ಕ ಚೂರುಗಳನ್ನು ತಾನೇ ಅಂಟಿಸಿ, ನಾಲಿಗೆ ಕಚ್ಚಿಕೊಂಡು ಬರೆದಳು: 'ಕಾಲರ್ ಟೈಲರ್ ಬ್ರೋಕ್ ಹರ್ ನೀಡಲ್. ಆಲ್ ಪೀಸಸ್ ಫೌಂಡ್.' ಕಾಲರ್ ಟೈಲರ್ ತನ್ನ ಸೂಜಿ ಮುರಿದಳು, ಚೂರುಗಳೆಲ್ಲ ಸಿಕ್ಕಿವೆ. ಒಂದು ತಪ್ಪಿಲ್ಲ. "ನನಗ ನಾನ 'ಅವಳ' ಅಂದ್ಕೊಳ್ಳಾಕ ಏನೂ ಅಡ್ಡಿಲ್ಲ ನೋಡು" ಎಂದು ನಕ್ಕಳು. ಅವತ್ತು ಅವಳ ಮುಖ ನೋಡಬೇಕಿತ್ತು.

ಮರುದಿನ ನನ್ನ ಸೂಜಿ ಮುರಿಯಿತು. ತುದಿ ಸಿಗಲಿಲ್ಲ. ಆ ತಿಂಗಳು ಆಗಲೇ ಎರಡು ಸಲ ನನ್ನಿಂದ ಲೈನು ನಿಂತು, ಇನ್ನೊಂದು ಸಲ ಆದರೆ ಗೇಟಿನ ಆಚೆ ಎಂದಿದ್ದರು. ನಾನು ಕೈ ಎತ್ತಲಿಲ್ಲ. ದುಪಟ್ಟಾದ ಅಂಚಿಗೆ ಕಳ್ಳತನದಲ್ಲಿ ಚುಚ್ಚಿಟ್ಟುಕೊಂಡಿದ್ದ ಸೂಜಿ ಹಾಕಿ ಹೊಲಿದೆ. ತುದಿ ನೆಲದ ಮೇಲೆ ಎಲ್ಲೋ ಬಿದ್ದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಬಂಡಲನ್ನು ಅಕ್ಕನ ಕಡೆಗೆ ತಳ್ಳಿದೆ.

ತುದಿ ಕಾಲರಿನೊಳಗಿತ್ತು. ಕೊನೆಯಲ್ಲಿ ಬಟ್ಟೆಗಳನ್ನು ತೂರಿಸುವ ಲೋಹ ಪತ್ತೆ ಮಷೀನು ಕೂಗಿತು. ಅವು ಸಣ್ಣ ಮಕ್ಕಳ ಅಂಗಿಗಳು. ಬಂಡಲಿನ ಚೀಟಿಯಲ್ಲಿ ನನ್ನ ನಂಬರೂ ಇತ್ತು, ಅಕ್ಕನ ನಂಬರೂ ಇತ್ತು. ಮ್ಯಾನೇಜರ್ ಆ ಅಂಗಿ ಹಿಡಿದು ನಮ್ಮಿಬ್ಬರ ಮುಂದೆ ನಿಂತು ಕೇಳಿದ್ದು ಒಂದೇ ಮಾತು: "ಯಾರ್ದು ಇದು?"

ನಾನು ನನ್ನ ಮಷೀನಿನ ಚಕ್ರ ನೋಡುತ್ತಿದ್ದೆ.

ರಿಜಿಸ್ಟರ್ ತರಿಸಿದರು. ಆ ವಾರ ನಮ್ಮ ಲೈನಿನಲ್ಲಿ ಸೂಜಿ ಮುರಿದವರು ಎಂದು ಇದ್ದದ್ದು ಒಂದೇ ಸಾಲು, ಅಕ್ಕ ಅಷ್ಟು ಆಸೆಯಿಂದ ಬರೆದ ಸಾಲು. "ಮೂರೂ ಅಂಟಿಸೀನ್ರಿ ಸರ್, ನೋಡ್ರಿ" ಎಂದು ಅವಳೇ ಪುಟಕ್ಕೆ ಬೆರಳಿಟ್ಟಳು. ಟೇಪು ಒಂದು ಕಡೆ ಎದ್ದಿತ್ತು. ಕೆಳಗೆ ಎರಡೇ ಚೂರು. ತುದಿ ಎಲ್ಲೋ ಉದುರಿಹೋಗಿತ್ತು. ಅವಳು ಅಂಟಿಸಿ ಬರೆದದ್ದು ತನ್ನ ಮಷೀನಿನ ಮೇಲೆಯೇ; ಅಲ್ಲಿಂದ ಅದು ಬಟ್ಟೆಗೆ ಸೇರಿರಬಹುದಿತ್ತು. ಅಕ್ಕ ಆ ಟೇಪನ್ನು ಬೆರಳಿನಿಂದ ಸವರಿದಳು, ಪುಟ ಕೊಡವಿ ನೋಡಿದಳು. ಆಮೇಲೆ ಮೆಲ್ಲಗೆ, "ನಂದ... ನಂದ ಇರಬೇಕ್ರಿ" ಅಂದಳು.

ಅವಳು ನನ್ನನ್ನು ಉಳಿಸಲು ಹಾಗೆ ಹೇಳಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವಳು ಅದನ್ನು ನಿಜವೆಂದೇ ನಂಬಿದ್ದಳು. ಸಂಜೆ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಯಾವುದಾರ ಕೂಸಿನ ಕುತ್ತಿಗಿಗೆ ಚುಚ್ಚಿದ್ರ ಏನ್ ಗತಿ ಆಗ್ತಿತ್ತು ತಂಗಿ?" ಎಂದು ಅತ್ತಳು. ನಾನು ಸಮಾಧಾನ ಮಾಡಿದೆ. ಹೌದು, ನಾನೇ ಅವಳನ್ನು ಸಮಾಧಾನ ಮಾಡಿದೆ. ನನಗೆ ನಾಚಿಕೆಯಾಗಬೇಕು.

ಪರೀಕ್ಷೆಯ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. "ನೀನೇ ತಾನೆ ಅವ್ಳಿಗೆ ಹೇಳಿಕೊಡ್ತಿದ್ದೋಳು? ನೀನೇ ಬರಿ" ಅಂದರು ಮ್ಯಾನೇಜರ್. ಬರೆದೆ, ಸೂಪರ್‌ವೈಸರ್ ಆದೆ. ಆರು ವರ್ಷ ಅದೇ ರಿಜಿಸ್ಟರಿನಲ್ಲಿ ಹರ್ ನೀಡಲ್, ಹಿಸ್ ನೀಡಲ್ ಎಂದು ಬರೆದೆ. ಅವತ್ತು ಮುರಿದ ನನ್ನ ಸೂಜಿಯ ಸಾಲು ಮಾತ್ರ ಯಾವ ಪುಟದಲ್ಲೂ ಬರಲಿಲ್ಲ.

ಅಕ್ಕ ಒಂದು ತಿಂಗಳು ಇದ್ದಳೇನೋ... ಒಂದು ಸೋಮವಾರ ಅವಳ ಮಷೀನಿನಲ್ಲಿ ಬೇರೆ ಯಾರೋ ಕೂತಿದ್ದರು. ಎಷ್ಟೋ ವರ್ಷದ ಮೇಲೆ ಅವಳ ಊರಿನವಳೊಬ್ಬಳು ಸಿಕ್ಕಾಗ ಕೇಳಿದೆ. ಮಾಕಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕಿದ್ದಾಳೆ ಎಂದಳು. "ಮಷೀನಿಗೆ ಕುಂದ್ರು ಅಂದ್ರ ಒಲ್ಲೆ ಅಂತಾಳ್ರಿ. ಸೂಜಿ ಕಂಡ್ರ ಅಂಜಿ ದೂರ ಸರೀತಾಳಂತ." ಮಾಕಳಿಗೆ ಹೋಗಲೆಂದು ತುಮಕೂರು ರಸ್ತೆಯ ಬಸ್ಸು ಎರಡು ಸಲ ಹತ್ತಿದೆ. ಎರಡು ಸಲವೂ ಯಶವಂತಪುರದಲ್ಲೇ ಇಳಿದು ವಾಪಸ್ ಬಂದೆ.

ಮೊನ್ನೆ ಕಾಲರು ಒತ್ತುತ್ತ ಕೂತಿದ್ದಾಗ ಮಗ ಬಂದು ನಿಂತ.

"ಏನಮ್ಮ ಹುಡುಕ್ತಿದೀಯ?"

"ಸೂಜಿ."

"ಯಾರ್ದು?"

ಕಾಲರನ್ನು ಕೊನೆಯವರೆಗೂ ಒತ್ತಿ ಮುಗಿಸಿದೆ. ಆಮೇಲೆ, "ನಂದು ಕಣೋ" ಅಂದೆ.

"ಅಂಗಡಿ ಅಂಗೀಲಿ ನಿನ್ ಸೂಜಿ ಯಾಕಿರುತ್ತೆ?" ಎಂದು ನಗುತ್ತ, ಅಂಗಿ ಕಿತ್ತುಕೊಂಡು ತೊಟ್ಟು ಆಡಲು ಓಡಿದ. 'ನಂದು' ಎಂದು ಹೇಳಲು ಇಷ್ಟೇ ಹೊತ್ತು ಸಾಕಿತ್ತು. ಅದನ್ನು ಕೇಳಬೇಕಾದವಳು ಮಾಕಳಿಯಲ್ಲೋ, ಊರಿನಲ್ಲೋ, ಎಲ್ಲಿದ್ದಾಳೋ... ಇದ್ದರೆ, ನನ್ನ ಸೂಜಿಗೆ ಹೆದರಿಕೊಂಡೇ ಇದ್ದಾಳೆ.